ಟ್ಯಾಲಿಪ್ರೈಮ್ ಲೆಕ್ಕ ಓಡಿಬಿಸಿ ಮೂಲಕ ಎಸ್‌ಕ್ಯುಎಲ್‌ನಲ್ಲಿ: ಲೆಡ್ಜರ್ ಬರುತ್ತದೆ, ವೋಚರ್ ಬರುತ್ತಿಲ್ಲ

ರೋಕಡಿಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಟ್ಯಾಲಿಪ್ರೈಮ್ 64-ಬಿಟ್, ವಿಂಡೋಸ್ 11. ಸಗಟು ವ್ಯಾಪಾರದ ಒಂದೇ ಕಂಪನಿ, ಸುಮಾರು 1,400 ಲೆಡ್ಜರ್, ವರ್ಷಕ್ಕೆ 40 ಸಾವಿರದಷ್ಟು ವೋಚರ್. ದಿನಾ ಸಂಜೆ ರಿಪೋರ್ಟ್ ತೆಗೆದು ಎಕ್ಸೆಲ್‌ಗೆ ಎಕ್ಸ್‌ಪೋರ್ಟ್ ಮಾಡುವ ಬದಲು ಓಡಿಬಿಸಿಯಲ್ಲಿ (ಒಂದು ತಂತ್ರಾಂಶದ ಡೇಟಾವನ್ನು ಇನ್ನೊಂದು ಓದಲು ಇರುವ ಸಾಮಾನ್ಯ ಕೊಂಡಿ) ನೇರವಾಗಿ ಕ್ವೆರಿ ಹಾಕಬೇಕೆಂದಿದೆ. ಸಿಕ್ಕಿಕೊಂಡಿರುವುದು ಇಷ್ಟು ಕಡೆ:

ಒಂದು, ಟ್ಯಾಲಿ ಇರುವ ಎರಡು ಕಂಪ್ಯೂಟರ್‌ಗಳ ಪೈಕಿ ಒಂದರಲ್ಲಿ ಎಕ್ಸೆಲ್ ಸಲೀಸಾಗಿ ಕನೆಕ್ಟ್ ಆಗುತ್ತದೆ. ಇನ್ನೊಂದರಲ್ಲಿ "ಆರ್ಕಿಟೆಕ್ಚರ್ ಮಿಸ್‌ಮ್ಯಾಚ್" ಎಂಬ ಎರರ್.

ಎರಡು, ಗಿರಾಕಿಗಳ ಬಾಕಿಯೆಲ್ಲ ಮೈನಸ್‌ನಲ್ಲಿ ಬರುತ್ತದೆ. ಅದೂ ಸಾಲದೆಂದು ಸಂಡ್ರಿ ಡೆಟರ್ಸ್ (ಟ್ಯಾಲಿಯಲ್ಲಿ ಗಿರಾಕಿಗಳ ಗುಂಪು) ಎಂದು ಫಿಲ್ಟರ್ ಹಾಕಿದರೆ ಅರ್ಧಕ್ಕರ್ಧ ಪಾರ್ಟಿಗಳು ಕಾಣುವುದೇ ಇಲ್ಲ.

ಮೂರು, ಟೇಬಲ್‌ಗಳ ಪಟ್ಟಿಯಲ್ಲಿ ವೋಚರ್ ಇಲ್ಲ. ಅದಿದ್ದರೆ ಲೆಡ್ಜರ್ ಜೊತೆ ಜಾಯಿನ್ ಮಾಡಿಕೊಳ್ಳಬಹುದಿತ್ತು (ಎರಡು ಟೇಬಲ್‌ಗಳನ್ನು ಸಮಾನ ಕಾಲಂ ಮೂಲಕ ಜೋಡಿಸುವುದು).

ಇನ್ನೊಂದು ಮಾತು: ಡೇಟಾ ಫೋಲ್ಡರ್‌ನಲ್ಲಿರುವ ಫೈಲುಗಳನ್ನೇ ಯಾವುದಾದರೂ ಡೇಟಾಬೇಸ್ ಟೂಲಿನಲ್ಲಿ ತೆರೆಯಲು ಬರುತ್ತದೆಯೇ?

ಜಮಾಖರ್ಚು

ಕೊನೆಯದಕ್ಕೆ ಮೊದಲು ಉತ್ತರ: ಬರುವುದಿಲ್ಲ. ಅವು ಟ್ಯಾಲಿಯ ಸ್ವಂತ ರೂಪದ ಫೈಲುಗಳು, ಒಳಗೆ ಎಸ್‌ಕ್ಯುಎಲ್ (ಡೇಟಾಬೇಸಿಗೆ ಪ್ರಶ್ನೆ ಹಾಕುವ ಭಾಷೆ) ಟೇಬಲ್ ಎಂಬುದೇ ಇಲ್ಲ. ಓಡಿಬಿಸಿಯಲ್ಲಿ ನಿಮಗೆ ಕಾಣುವ "ಟೇಬಲ್" ಎಂದರೆ ಟ್ಯಾಲಿಯ ಒಂದು ಕಲೆಕ್ಷನ್, ಒಂದೇ ಬಗೆಯ ದಾಖಲೆಗಳ ಪಟ್ಟಿ. ನೀವು ಕೇಳಿದ ಕ್ಷಣದಲ್ಲಿ ಓಡುತ್ತಿರುವ ಟ್ಯಾಲಿಯೇ ಅದನ್ನು ಲೆಕ್ಕ ಹಾಕಿ ಕೊಡುತ್ತದೆ. ಇದೊಂದು ತಲೆಯಲ್ಲಿದ್ದರೆ ಮುಂದಿನ ಗೊಂದಲಗಳು ಅರ್ಧ ಕರಗುತ್ತವೆ. ಟ್ಯಾಲಿ ಮುಚ್ಚಿದ್ದರೆ ಓಡಿಬಿಸಿ ಇಲ್ಲ, ಕಂಪನಿ ಲೋಡ್ ಆಗಿರದಿದ್ದರೆ ಡೇಟಾ ಇಲ್ಲ.

ಮುಂದೆ ಓದುವವರಿಗಾಗಿ ಸೆಟ್ಟಿಂಗ್ ಬರೆದಿಡುತ್ತೇನೆ. ಎಫ್1 ಒತ್ತಿ, ಸೆಟ್ಟಿಂಗ್ಸ್, ಕನೆಕ್ಟಿವಿಟಿ, ಕ್ಲೈಂಟ್/ಸರ್ವರ್ ಕಾನ್ಫಿಗರೇಶನ್. ಅಲ್ಲಿ "ಟ್ಯಾಲಿಪ್ರೈಮ್ ಆಕ್ಟ್ಸ್ ಆ್ಯಸ್" ಎದುರು ಬೋತ್, "ಎನೇಬಲ್ ಓಡಿಬಿಸಿ" ಎದುರು ಎಸ್ (ಹೌದು), ಪೋರ್ಟ್ 9000. ಸೇವ್ ಮಾಡಿ ಟ್ಯಾಲಿಯನ್ನು ಮುಚ್ಚಿ ತೆರೆಯಿರಿ. ಅದೇ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್:9000 ಎಂದು ತೆರೆದಾಗ "ಟ್ಯಾಲಿಪ್ರೈಮ್ ಸರ್ವರ್ ಈಸ್ ರನ್ನಿಂಗ್" ಎಂದು ಬಂದರೆ ಪೋರ್ಟ್ ಜೀವಂತವಾಗಿದೆ. ಬರದಿದ್ದರೆ ಅದೇ ಪೋರ್ಟನ್ನು ಬೇರೊಂದು ಹಿಡಿದುಕೊಂಡಿರಬಹುದು. ಎರಡನೇ ಸಲ ತೆರೆದ ಟ್ಯಾಲಿಯೇ ಸಾಮಾನ್ಯ ಆರೋಪಿ. ಡೆವಲಪರ್ ಯಂತ್ರವಾದರೆ ಸೋನಾರ್‌ಕ್ಯೂಬ್ (ಕೋಡ್ ತಪಾಸಣೆಯ ಸರ್ವರ್) ಕೂಡ 9000ದಲ್ಲೇ ಕೂರುತ್ತದೆ. ಆಗ ಟ್ಯಾಲಿಗೆ 9001 ಕೊಡಿ. ಡಿಎಸ್‌ಎನ್ (ಎಕ್ಸೆಲ್ ಕಡೆ ಆರಿಸುವ ಓಡಿಬಿಸಿ ಕೊಂಡಿ) ಹೆಸರಿನಲ್ಲಿ ಪೋರ್ಟ್ ಸಂಖ್ಯೆ ಇರುವುದರಿಂದ ಎಕ್ಸೆಲ್ ಕಡೆಯೂ ಬದಲಿಸಬೇಕು.

ಮಿಸ್‌ಮ್ಯಾಚ್ ಎರರ್ ಬಗ್ಗೆ. ಆ ಎರಡನೇ ಕಂಪ್ಯೂಟರ್‌ನ ಎಕ್ಸೆಲ್ 32-ಬಿಟ್ ಇರುತ್ತದೆ. ಫೈಲ್, ಅಕೌಂಟ್, ಅಬೌಟ್ ಎಕ್ಸೆಲ್ ಒಳಗೆ ನೋಡಿದರೆ ಗೊತ್ತಾಗುತ್ತದೆ. ವಿಂಡೋಸ್ 64-ಬಿಟ್ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಕರೆಯುವ ಎಕ್ಸೆಲ್ಲೂ ಟ್ಯಾಲಿಯ ಓಡಿಬಿಸಿ ಡ್ರೈವರ್ರೂ ಒಂದೇ ಬಿಟ್‌ನವಾಗಿರಬೇಕು, ಅಷ್ಟೇ. ಡ್ರೈವರ್ ಪಟ್ಟಿ ನೋಡಲು ಹೋದವರೂ ಇಲ್ಲೇ ಎಡವುತ್ತಾರೆ: ಸಿಸ್ಟಮ್32 ಫೋಲ್ಡರ್‌ನಲ್ಲಿರುವ ಓಡಿಬಿಸಿಎಡಿ32 ಎಂಬುದು 64-ಬಿಟ್ ಪಟ್ಟಿ ತೋರಿಸುತ್ತದೆ, ಸಿಸ್‌ವಾವ್64 ಫೋಲ್ಡರ್‌ನಲ್ಲಿರುವ ಅದೇ ಹೆಸರಿನದು 32-ಬಿಟ್ ಪಟ್ಟಿ ತೋರಿಸುತ್ತದೆ. ಹೆಸರಿಗೂ ಕೆಲಸಕ್ಕೂ ತಲೆಕೆಳಗು. ನೇರ ಪರಿಹಾರವೆಂದರೆ ಆ ಯಂತ್ರಕ್ಕೆ 64-ಬಿಟ್ ಆಫೀಸ್ ಹಾಕುವುದು. ಯಾವುದೋ ಹಳೆಯ ಆ್ಯಡ್-ಇನ್‌ಗಾಗಿ 32-ಬಿಟ್ ಬಿಡಲಾಗದಿದ್ದರೆ ಆ ಯಂತ್ರದಲ್ಲಿ ಓಡಿಬಿಸಿಯ ಆಸೆ ಬಿಟ್ಟು ಎಕ್ಸ್‌ಎಂಎಲ್ (ಟ್ಯಾಗ್‌ಗಳಿರುವ ಪಠ್ಯರೂಪದ ಡೇಟಾ) ದಾರಿ ಹಿಡಿಯಿರಿ.

ಮೈನಸ್ ಬರುವುದು ತಪ್ಪಲ್ಲ. ಟ್ಯಾಲಿಯ ಒಳಗಡೆ ಡೆಬಿಟ್ ಎಂದರೆ ಮೈನಸ್, ಕ್ರೆಡಿಟ್ ಎಂದರೆ ಪ್ಲಸ್. ತೆರೆಯ ಮೇಲೆ ಡಿಆರ್, ಸಿಆರ್ ಎಂದು ಬದಲಾಯಿಸಿ ತೋರಿಸುತ್ತದೆ, ಓಡಿಬಿಸಿ ಬದಲಾಯಿಸದೆ ಕೊಡುತ್ತದೆ. ಹಾಗಾಗಿ ಗಿರಾಕಿ -25000 ಎಂದರೆ ನಿಮಗೆ ಬರಬೇಕಾದ ಹಣ. ಡೆಟರ್ಸ್ ಪಟ್ಟಿಯಲ್ಲಿ ಪ್ಲಸ್ ಕಂಡರೆ ಅದು ಮುಂಗಡ. ಕ್ವೆರಿಯಲ್ಲಿ ಎಬಿಎಸ್ ಹಾಕಿ ಚಿಹ್ನೆ ಅಳಿಸಬೇಡಿ, ಮುಂಗಡವೂ ಬಾಕಿಗೆ ಸೇರಿ ಮೊತ್ತ ಕೆಡುತ್ತದೆ. -1ರಿಂದ ಗುಣಿಸಿ, ಆ ಕೆಲಸವನ್ನೂ ಎಕ್ಸೆಲ್‌ನಲ್ಲೇ ಮಾಡಿ.

ಇನ್ನು ಫಿಲ್ಟರ್. ನೀವು ಬರೆದಿರುವುದು ಹೀಗಿರಬೇಕು (ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ, ಯಂತ್ರದಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಿರಿ):

ಸೆಲೆಕ್ಟ್ $ನೇಮ್, $ಪೇರೆಂಟ್, $ಕ್ಲೋಸಿಂಗ್‌ಬ್ಯಾಲೆನ್ಸ್ ಫ್ರಮ್ ಲೆಡ್ಜರ್ ವೇರ್ $ಪೇರೆಂಟ್ = 'ಸಂಡ್ರಿ ಡೆಟರ್ಸ್'

$ಪೇರೆಂಟ್ ಎಂದರೆ ಲೆಡ್ಜರ್‌ನ ನೇರ ಗುಂಪು ಮಾತ್ರ. ಸಂಡ್ರಿ ಡೆಟರ್ಸ್ ಕೆಳಗೆ ಊರುವಾರು ಅಥವಾ ಸೇಲ್ಸ್‌ಮನ್‌ವಾರು ಉಪಗುಂಪು ಮಾಡಿದ್ದರೆ ಆ ಪಾರ್ಟಿಗಳ ಪೇರೆಂಟ್ ಬೇರೆ, ಆದ್ದರಿಂದ ಅವು ಬಿಟ್ಟುಹೋಗುತ್ತವೆ. ಸರಿಯಾದ ದಾರಿ ಟಿಡಿಎಲ್ (ಟ್ಯಾಲಿಯ ಸ್ವಂತ ಪ್ರೋಗ್ರಾಮಿಂಗ್ ಭಾಷೆ), ಅದನ್ನು ಕೆಳಗೆ ಯಾರಾದರೂ ಬರೆಯುತ್ತಾರೆ.

ಬಾಕಿಯ ಅಂಕಿ ಯಾವ ತಾರೀಖಿನದು ಎಂಬುದನ್ನೂ ಗಮನಿಸಿ. ಟ್ಯಾಲಿ ತೆರೆಯಲ್ಲಿ ಆಗ ಇರುವ ಪೀರಿಯಡ್‌ನ ಕೊನೆಯ ದಿನದ್ದು. ಯಾರೋ ಆಲ್ಟ್+ಎಫ್2 ಒತ್ತಿ ಏಪ್ರಿಲ್ ತಿಂಗಳಿಗೆ ಇಟ್ಟು ಊಟಕ್ಕೆ ಹೋಗಿದ್ದರೆ ನಿಮ್ಮ ಎಕ್ಸೆಲ್ ರಿಫ್ರೆಶ್ ಏಪ್ರಿಲ್ 30ರ ಬಾಕಿಯನ್ನೇ ತರುತ್ತದೆ, ಎರರ್ ಕೂಡ ಕೊಡುವುದಿಲ್ಲ. ಎರಡು ಕಂಪನಿ ತೆರೆದಿದ್ದರೂ ಇದೇ ಕಥೆ: ಆ ಹೊತ್ತಿಗೆ ಯಾವುದು ಚಾಲ್ತಿಯಲ್ಲಿದೆಯೋ ಅದರ ಲೆಡ್ಜರ್. ರಿಪೋರ್ಟ್ ಶೀಟಿನ ಮೇಲ್ಗಡೆ ಸೆಲೆಕ್ಟ್ $ನೇಮ್ ಫ್ರಮ್ ಕಂಪನಿ ಎಂಬ ಸಣ್ಣ ಕ್ವೆರಿಯೊಂದನ್ನು ಕಾವಲಿಗೆ ಇಡಿ. ಎರಡು ಸಾಲು ಬಂದ ದಿನ ಆ ಶೀಟನ್ನು ನಂಬಬೇಡಿ.

ಕೋಷ್ಟಕ

ಜಮಾಖರ್ಚು ಅವರು ಹೇಳಿದ್ದರ ಮುಂದುವರಿಕೆ. ಕಲೆಕ್ಷನ್ ವ್ಯಾಖ್ಯೆಯಲ್ಲಿ "ಈಸ್ ಓಡಿಬಿಸಿ ಟೇಬಲ್ : ಎಸ್" ಎಂದಿದ್ದರೆ ಮಾತ್ರ ಅದು ಹೊರಗೆ ಟೇಬಲ್ ಆಗಿ ಕಾಣುತ್ತದೆ. ಲೆಡ್ಜರ್, ಗುಂಪು, ಸ್ಟಾಕ್ ಐಟಂ ಮುಂತಾದ ಮಾಸ್ಟರ್‌ಗಳಿಗೆ ಟ್ಯಾಲಿಯೇ ಅದನ್ನು ಕೊಟ್ಟಿದೆ. ವೋಚರ್ ಸಾಲುಗಳಿಗೆ ನಾವೇ ಬರೆದುಕೊಳ್ಳಬೇಕು. ನೋಟ್‌ಪ್ಯಾಡ್‌ನಲ್ಲಿ ಬರೆದು ಟಿಎಕ್ಸ್‌ಟಿ ಫೈಲ್ ಆಗಿ ಉಳಿಸಿದರೆ ಸಾಕು, ಬೇರೆ ಸಾಫ್ಟ್‌ವೇರ್ ಬೇಡ.

ಮೊದಲು ಉಪಗುಂಪು ಸಮೇತ ಗಿರಾಕಿಗಳು:

[ಕಲೆಕ್ಷನ್ : ಗಿರಾಕಿಪಟ್ಟಿ]
ಟೈಪ್ : ಲೆಡ್ಜರ್
ಚೈಲ್ಡ್ ಆಫ್ : $$ಗ್ರೂಪ್‌ಸಂಡ್ರಿಡೆಟರ್ಸ್
ಬಿಲಾಂಗ್ಸ್ ಟು : ಎಸ್
ಫೆಚ್ : ನೇಮ್, ಪೇರೆಂಟ್, ಕ್ಲೋಸಿಂಗ್‌ಬ್ಯಾಲೆನ್ಸ್
ಈಸ್ ಓಡಿಬಿಸಿ ಟೇಬಲ್ : ಎಸ್

"ಬಿಲಾಂಗ್ಸ್ ಟು : ಎಸ್" ಇಲ್ಲದಿದ್ದರೆ ಮತ್ತೆ ನೇರ ಮಕ್ಕಳು ಮಾತ್ರ ಬರುತ್ತಾರೆ. ಮೊಮ್ಮಕ್ಕಳೂ ಬರಬೇಕಾದರೆ ಈ ಸಾಲು ಬೇಕೇ ಬೇಕು.

ಈಗ ವೋಚರ್:

[ಕಲೆಕ್ಷನ್ : ವೋಚರ್‌ಮೂಲ]
ಟೈಪ್ : ವೋಚರ್
ಫೆಚ್ : ಡೇಟ್, ವೋಚರ್‌ನಂಬರ್, ವೋಚರ್‌ಟೈಪ್‌ನೇಮ್, ಮಾಸ್ಟರ್‌ಐಡಿ
ಫೆಚ್ : ಆಲ್‌ಲೆಡ್ಜರ್‌ಎಂಟ್ರೀಸ್.ಲೆಡ್ಜರ್‌ನೇಮ್, ಆಲ್‌ಲೆಡ್ಜರ್‌ಎಂಟ್ರೀಸ್.ಅಮೌಂಟ್
ಫಿಲ್ಟರ್ : ಚಾಲ್ತಿವೋಚರ್

[ಕಲೆಕ್ಷನ್ : ವೋಚರ್‌ಸಾಲು]
ಸೋರ್ಸ್ ಕಲೆಕ್ಷನ್ : ವೋಚರ್‌ಮೂಲ
ವಾಕ್ : ಆಲ್‌ಲೆಡ್ಜರ್‌ಎಂಟ್ರೀಸ್
ಬೈ : _ಐಡಿ : $ಮಾಸ್ಟರ್‌ಐಡಿ
ಬೈ : _ದಿನ : $ಡೇಟ್
ಬೈ : _ಲೆಡ್ಜರ್ : $ಲೆಡ್ಜರ್‌ನೇಮ್
ಅಗ್ರ್ ಕಂಪ್ಯೂಟ್ : _ಮೊತ್ತ : ಸಮ್ : $ಅಮೌಂಟ್
ಈಸ್ ಓಡಿಬಿಸಿ ಟೇಬಲ್ : ಎಸ್

[ಸಿಸ್ಟಮ್ : ಫಾರ್ಮುಲಾ]
ಚಾಲ್ತಿವೋಚರ್ : ನಾಟ್ $ಈಸ್‌ಕ್ಯಾನ್ಸಲ್ಡ್ ಆ್ಯಂಡ್ ನಾಟ್ $ಈಸ್‌ಆಪ್ಷನಲ್

ನೀವೇ ಹುಟ್ಟುಹಾಕಿದ ಮೆಥಡ್ (ದಾಖಲೆಯ ಒಂದು ಫೀಲ್ಡ್) ಹೆಸರುಗಳ ಮುಂದಿನ ಅಡಿಗೆರೆ ಅಲಂಕಾರಕ್ಕಲ್ಲ. ಟ್ಯಾಲಿಯ ಸ್ವಂತ ಮೆಥಡ್‌ಗಳು ಓಡಿಬಿಸಿಯಲ್ಲಿ ತಾವಾಗಿಯೇ ಕಾಣುತ್ತವೆ, ನಾವು ಸೇರಿಸಿದವು ಅಡಿಗೆರೆಯಿಂದ ಶುರುವಾದರೆ ಮಾತ್ರ ಕಾಲಂ ಆಗಿ ಬರುತ್ತವೆ. "ಟೇಬಲ್ ಬಂತು, ಕಾಲಂ ಬರಲಿಲ್ಲ" ಎಂದು ದೂರುವವರು ಮೊದಲು ಇದನ್ನು ನೋಡಿಕೊಳ್ಳಲಿ.

ಲೋಡ್ ಮಾಡುವುದು: ಎಫ್1, ಟಿಡಿಎಲ್ಸ್ ಆ್ಯಂಡ್ ಆ್ಯಡ್-ಆನ್ಸ್, ಎಫ್4. ಸ್ಟಾರ್ಟಪ್‌ನಲ್ಲಿ ಲೋಡ್ ಮಾಡು ಎಂಬುದಕ್ಕೆ ಎಸ್ ಕೊಟ್ಟು ಫೈಲಿನ ಪೂರ್ತಿ ಪಾತ್ ಹಾಕಿ.

ಜಾಯಿನ್ ಆಸೆ ಬಿಡಿ. ಈ ಡ್ರೈವರ್ ಅರ್ಥಮಾಡಿಕೊಳ್ಳುವುದು ಸೆಲೆಕ್ಟ್, ವೇರ್, ಆರ್ಡರ್ ಬೈ ಮಟ್ಟದ ಎಸ್‌ಕ್ಯುಎಲ್. ಜಾಯಿನ್, ಗ್ರೂಪ್ ಬೈ ಅದರ ಕೈಲಾಗದು. ಗುಂಪುಗೂಡಿಸುವ ಕೆಲಸವನ್ನು ಮೇಲಿನಂತೆ ಟಿಡಿಎಲ್‌ನ "ಬೈ", "ಅಗ್ರ್ ಕಂಪ್ಯೂಟ್" ಮಾಡಲಿ, ಜೋಡಿಸುವುದನ್ನು ಎಕ್ಸೆಲ್ ಒಳಗಿನ ಪವರ್ ಕ್ವೆರಿಯ ಮರ್ಜ್ ಮಾಡಲಿ. ಪವರ್ ಕ್ವೆರಿಯಲ್ಲೂ ಟೇಬಲ್ ಆರಿಸಿ ಕ್ಲಿಕ್ ಮಾಡುತ್ತಾ ಹೋಗಬೇಡಿ. ಅದು ತಾನೇ ಹೊಸೆದು ಕಳಿಸುವ ಎಸ್‌ಕ್ಯುಎಲ್ ಟ್ಯಾಲಿಗೆ ಹಿಡಿಸುವುದಿಲ್ಲ. ಫ್ರಮ್ ಓಡಿಬಿಸಿ ಕಿಟಕಿಯ ಅಡ್ವಾನ್ಸ್ಡ್ ಆಪ್ಷನ್ಸ್ ಬಿಚ್ಚಿ ಎಸ್‌ಕ್ಯುಎಲ್ ಸ್ಟೇಟ್‌ಮೆಂಟ್ ಪೆಟ್ಟಿಗೆಯಲ್ಲಿ ನಿಮ್ಮ ಕ್ವೆರಿಯನ್ನೇ ಅಂಟಿಸಿ. ಯೂಸರ್, ಪಾಸ್‌ವರ್ಡ್ ಕೇಳಿದರೆ "ಡಿಫಾಲ್ಟ್ ಆರ್ ಕಸ್ಟಮ್" ಆರಿಸಿ ಖಾಲಿ ಬಿಡಿ.

ರೋಕಡಿಗ

ಇಬ್ಬರಿಗೂ ಧನ್ಯವಾದ. ಆ ಎಕ್ಸೆಲ್ 32-ಬಿಟ್ಟೇ ಆಗಿತ್ತು. ಗಿರಾಕಿಪಟ್ಟಿ ಪೂರ್ತಿ ಬಂತು. ವೋಚರ್‌ಸಾಲು ಕೂಡ ಬಂತು, ಆದರೆ ಮೊದಲ ಪ್ರಯತ್ನದಲ್ಲಿ ನಾನು ವಾಕ್ ಎದುರು "ಲೆಡ್ಜರ್‌ಎಂಟ್ರೀಸ್" ಎಂದು ಹಾಕಿದ್ದೆ. ಸೇಲ್ಸ್ ಬಿಲ್‌ಗಳ ಮೊತ್ತ ಸೊನ್ನೆಗೆ ತಾಳೆ ಆಗಲಿಲ್ಲ. "ಆಲ್" ಸೇರಿಸಿದ ಮೇಲೆ ಸರಿಯಾಯಿತು. ಏಕೆ? ಮತ್ತೆ, ಪೂರ್ತಿ ವರ್ಷಕ್ಕೆ ರಿಫ್ರೆಶ್ ಕೊಟ್ಟರೆ ಟ್ಯಾಲಿ ತೆರೆ ಹೆಪ್ಪುಗಟ್ಟುತ್ತದೆ, ಬಿಲ್ ಹಾಕುವವರು ಕೂಗಾಡುತ್ತಾರೆ.

ಬಂದರು9000

ಏಕೆಂದರೆ ಐಟಂ ಇನ್‌ವಾಯ್ಸ್‌ನಲ್ಲಿ ಸೇಲ್ಸ್ ಲೆಡ್ಜರ್ ಇರುವುದು ಐಟಂ ಸಾಲಿನ ಹೊಟ್ಟೆಯಲ್ಲಿ, ಅಕೌಂಟಿಂಗ್ ಅಲೊಕೇಶನ್ಸ್ ಎಂಬ ಒಳಪಟ್ಟಿಯಲ್ಲಿ. ಲೆಡ್ಜರ್‌ಎಂಟ್ರೀಸ್‌ನಲ್ಲಿ ಪಾರ್ಟಿ, ಜಿಎಸ್‌ಟಿ, ರೌಂಡ್ ಆಫ್ ಮಾತ್ರ ಸಿಗುತ್ತವೆ. ಆಲ್‌ಲೆಡ್ಜರ್‌ಎಂಟ್ರೀಸ್ ಆ ಒಳಪಟ್ಟಿಯನ್ನೂ ಬಿಚ್ಚಿ ಸೇರಿಸಿ ಕೊಡುತ್ತದೆ. ಐಡಿವಾರು ಮೊತ್ತ ಸೊನ್ನೆ ಬರುತ್ತದೆಯೇ ಎಂದು ನೀವು ನೋಡಿದ್ದು ಒಳ್ಳೆಯದಾಯಿತು. ಆ ತಪಾಸಣೆಯನ್ನು ಪ್ರತಿ ರಿಫ್ರೆಶ್‌ನಲ್ಲೂ ಉಳಿಸಿಕೊಳ್ಳಿ.

ಹೆಪ್ಪುಗಟ್ಟುವ ವಿಚಾರದಲ್ಲಿ ನನಗೆ ಕೋಷ್ಟಕ ಅವರ ಜೊತೆ ಪೂರ್ತಿ ಒಪ್ಪಿಗೆ ಇಲ್ಲ. ಮಾಸ್ಟರ್ ಮತ್ತು ಬಾಕಿಗೆ ಓಡಿಬಿಸಿ ಚೆನ್ನ. 40 ಸಾವಿರ ವೋಚರ್, ಅದರ ಸಾಲುಗಳು ಲಕ್ಷ ದಾಟುತ್ತವೆ, ಅವನ್ನು ದಿನಾ ಓಡಿಬಿಸಿಯಲ್ಲಿ ಎಳೆಯುವುದು ಬಿಂದಿಗೆಗೆ ಸ್ಟ್ರಾ ಹಾಕಿದಂತೆ. ಟ್ಯಾಲಿ ನಿಮ್ಮ ಕೋರಿಕೆಗೆ ಉತ್ತರ ಕೊಡುವಷ್ಟು ಹೊತ್ತು ತೆರೆಯ ಕೆಲಸ ನಿಲ್ಲುತ್ತದೆ. ಅದರ ಸ್ವಭಾವವೇ ಹಾಗೆ, ಸೆಟ್ಟಿಂಗ್‌ನಿಂದ ಹೋಗುವುದಲ್ಲ. ನಿಮಗೆ ಬೇಕಿರುವುದು ನಿಜವಾದ ಜಾಯಿನ್. ಹಾಗಿದ್ದರೆ ನಿಜವಾದ ಡೇಟಾಬೇಸಿಗೆ ಪ್ರತಿ ತೆಗೆದಿಟ್ಟುಕೊಂಡು ಅಲ್ಲೇ ಕ್ವೆರಿ ಹಾಕಿ.

ದಾರಿ ಅದೇ 9000 ಪೋರ್ಟ್. ಅದಕ್ಕೆ ಎಚ್‌ಟಿಟಿಪಿ ಪೋಸ್ಟ್‌ನಲ್ಲಿ ಎಕ್ಸ್‌ಎಂಎಲ್ ಕಳಿಸಿದರೆ ಎಕ್ಸ್‌ಎಂಎಲ್‌ನಲ್ಲೇ ಉತ್ತರ ಬರುತ್ತದೆ. ಡ್ರೈವರ್ ಬೇಡ, ಬಿಟ್ ಜಗಳ ಇಲ್ಲ. ದೊಡ್ಡ ಲಾಭವೆಂದರೆ ಕೋರಿಕೆಯೊಳಗೇ ಎಸ್‌ವಿಫ್ರಮ್‌ಡೇಟ್, ಎಸ್‌ವಿಟುಡೇಟ್, ಎಸ್‌ವಿಕರೆಂಟ್‌ಕಂಪನಿ ಎಂಬ ಮೂರು ಚರಗಳನ್ನು ನೀವೇ ಕೊಡಬಹುದು. ತೆರೆಯಲ್ಲಿ ಯಾರು ಯಾವ ಪೀರಿಯಡ್ ಇಟ್ಟಿದ್ದಾರೆ ಎಂಬುದು ಆಗ ನಿಮಗೆ ಸಂಬಂಧವಿಲ್ಲ. ತಾರೀಖು 20240401 ರೂಪದಲ್ಲಿ ಕೊಡಿ. ಒಂದು ಸಲಕ್ಕೆ ಒಂದು ತಿಂಗಳು ಎಳೆಯಿರಿ, 12 ಕೋರಿಕೆ, ನಡುವೆ ಕೆಲವು ಸೆಕೆಂಡ್ ಬಿಡುವು. ಬಿಲ್ ಹಾಕುವವರಿಗೆ ಉಸಿರಾಡಲು ಜಾಗ ಸಿಗುತ್ತದೆ. ಬೇಕಾದ ಫೀಲ್ಡ್‌ಗಳನ್ನಷ್ಟೇ ಫೆಚ್ ಮಾಡಿ. ಪೂರ್ತಿ ವೋಚರ್ ಕೇಳಿದರೆ ಒಂದೊಂದು ಬಿಲ್ಲಿಗೂ ನೂರಾರು ಖಾಲಿ ಟ್ಯಾಗ್ ಸುರಿಯುತ್ತದೆ.

ಇಲ್ಲಿ ಮುರಿಯುವ ಜಾಗಗಳು ಮೂರಿವೆ. ಟ್ಯಾಲಿ ತನ್ನ ಒಳ ಹೆಸರುಗಳ ಮುಂದೆ ಒಂದು ಕಂಟ್ರೋಲ್ ಅಕ್ಷರ ಇಡುತ್ತದೆ. ಎಕ್ಸ್‌ಎಂಎಲ್‌ನಲ್ಲಿ ಅದು  ಎಂದು ಬರುತ್ತದೆ, ಉದಾಹರಣೆಗೆ " ಪ್ರೈಮರಿ", " ನಾಟ್ ಅಪ್ಲಿಕಬಲ್". ಎಕ್ಸ್‌ಎಂಎಲ್ 1.0ದಲ್ಲಿ ಆ ಅಕ್ಷರ ನಿಷಿದ್ಧ, ಆದ್ದರಿಂದ ಪಾರ್ಸರ್ (ಎಕ್ಸ್‌ಎಂಎಲ್ ಓದಿ ಬಿಡಿಸುವ ತಂತ್ರಾಂಶ) ಅಲ್ಲೇ ಕೈ ಎತ್ತುತ್ತದೆ. ಪಾರ್ಸ್ ಮಾಡುವ ಮುನ್ನ ಪಠ್ಯದಲ್ಲೇ ಅದನ್ನು ಅಳಿಸಿ. ಎರಡನೆಯದು ಕನ್ನಡ. ಪಾರ್ಟಿ ಹೆಸರು, ವಿವರಣೆ ಕನ್ನಡದಲ್ಲಿದ್ದು ಪ್ರಶ್ನಾರ್ಥಕ ಚಿಹ್ನೆಗಳಾಗಿ ಬಂದರೆ ಕೋರಿಕೆಯನ್ನು ಯುಟಿಎಫ್-16ರಲ್ಲಿ ಎನ್‌ಕೋಡ್ ಮಾಡಿ, ಕಂಟೆಂಟ್-ಟೈಪ್ ಹೆಡರ್‌ನಲ್ಲೂ ಅದನ್ನೇ ಹೇಳಿ. ಉತ್ತರವೂ ಅದರಲ್ಲೇ ಬರುತ್ತದೆ. ಮೂರನೆಯದು ಪ್ರಮಾಣ: ಸ್ಟಾಕ್ ಅಂಕಿ "10 ನಂ", ದರ "250.00/ನಂ" ಎಂದು ಯೂನಿಟ್ ಅಂಟಿಸಿಕೊಂಡು ಬರುತ್ತದೆ. ಸಂಖ್ಯೆ ಕಾಲಂಗೆ ಹಾಕುವ ಮುಂಚೆ ಬೇರ್ಪಡಿಸಬೇಕು. ಸೊನ್ನೆ ಬಾಕಿ ಖಾಲಿ ಟ್ಯಾಗ್ ಆಗಿ ಬರುವುದನ್ನೂ ನಲ್ ಎಂದು ಬಿಡದೆ 0 ಮಾಡಿಕೊಳ್ಳಿ.

ಇದನ್ನೆಲ್ಲ ಕೈಯಿಂದ ಬರೆಯುವ ಮನಸ್ಸಿಲ್ಲದಿದ್ದರೆ ಗಿಟ್‌ಹಬ್‌ನಲ್ಲಿ "ಟ್ಯಾಲಿ ಡೇಟಾಬೇಸ್ ಲೋಡರ್" ಎಂಬ ಮುಕ್ತ ತಂತ್ರಾಂಶ ಇದೆ. ನೋಡ್ ಜೆಎಸ್‌ನಲ್ಲಿ ಓಡುತ್ತದೆ, ಪೋಸ್ಟ್‌ಗ್ರೆಎಸ್‌ಕ್ಯುಎಲ್, ಮೈಎಸ್‌ಕ್ಯುಎಲ್, ಎಸ್‌ಕ್ಯುಎಲ್ ಸರ್ವರ್‌ಗೆ ತುಂಬಿಕೊಡುತ್ತದೆ. ಅದರಲ್ಲಿ ವೋಚರ್ ತಲೆಸಾಲು ಒಂದು ಟೇಬಲ್, ಲೆಡ್ಜರ್ ಸಾಲುಗಳು ಇನ್ನೊಂದು, ಎರಡಕ್ಕೂ ನಡುವೆ ಜಿಯುಐಡಿ (ಪ್ರತಿ ದಾಖಲೆಗೂ ಟ್ಯಾಲಿ ಕೊಡುವ ಅನನ್ಯ ಗುರುತು) ಕೊಂಡಿ. ನೀವು ಕೇಳಿದ ಜಾಯಿನ್ ಅಲ್ಲಿ ಹೀಗೆ ಬರೆಯಬಹುದು:

ಸೆಲೆಕ್ಟ್ ವಿ.ಡೇಟ್, ವಿ.ವೋಚರ್_ನಂಬರ್, ಎ.ಲೆಡ್ಜರ್, ಎ.ಅಮೌಂಟ್ ಫ್ರಮ್ ಟಿಆರ್‌ಎನ್_ವೋಚರ್ ವಿ ಜಾಯಿನ್ ಟಿಆರ್‌ಎನ್_ಅಕೌಂಟಿಂಗ್ ಎ ಆನ್ ಎ.ಜಿಯುಐಡಿ = ವಿ.ಜಿಯುಐಡಿ

ದಿನಾ ಪೂರ್ತಿ ತುಂಬುವುದು ಬೇಡವೆನಿಸಿದರೆ ಆಲ್ಟರ್‌ಐಡಿ ನೋಡಿ. ಟ್ಯಾಲಿಯಲ್ಲಿ ಏನೇ ಸೇರಿಸಲಿ, ತಿದ್ದಲಿ, ಆ ಸಂಖ್ಯೆ ಏರುತ್ತದೆ. ಹಿಂದಿನ ಸಲದ ಗರಿಷ್ಠ ಸಂಖ್ಯೆ ಬರೆದಿಟ್ಟುಕೊಂಡು ಅದಕ್ಕಿಂತ ಹೆಚ್ಚಿರುವುದನ್ನಷ್ಟೇ ತನ್ನಿ. ಅಳಿಸಿದ ವೋಚರ್ ಮಾತ್ರ ಇದರಲ್ಲಿ ಸಿಕ್ಕುವುದಿಲ್ಲ, ಇಲ್ಲದ್ದಕ್ಕೆ ಎಲ್ಲಿಯ ಐಡಿ? ರಾತ್ರಿ ಒಮ್ಮೆ ಜಿಯುಐಡಿಗಳ ಪಟ್ಟಿಯನ್ನಷ್ಟೇ ತಂದು, ನಿಮ್ಮಲ್ಲಿದ್ದು ಅಲ್ಲಿಲ್ಲದವನ್ನು ಅಳಿಸಿಹಾಕಿ. ಪಾರ್ಟಿಯ ಹೆಸರು ತಿದ್ದಿದರೂ ಜಿಯುಐಡಿ ಬದಲಾಗುವುದಿಲ್ಲ, ಹಾಗಾಗಿ ನೀವೇ ಟೇಬಲ್ ಕಟ್ಟುವುದಾದರೆ ಹೆಸರನ್ನು ಕೀ ಮಾಡಿಕೊಳ್ಳಬೇಡಿ.

ಕೋಷ್ಟಕ

ಬಂದರು ಅವರ ಮಾತು ಒಪ್ಪುತ್ತೇನೆ, ವೋಚರ್ ಸಂಖ್ಯೆಯನ್ನು ನಾನು ಗಮನಿಸಿರಲಿಲ್ಲ. ತಿಂಗಳಿಗೆ ಐನೂರರಿಂದ ಒಂದು ಸಾವಿರ ವೋಚರ್ ಇರುವವರಿಗೆ ಓಡಿಬಿಸಿ ಈಗಲೂ ಸಾಕು. ಅವರಿಗೆ ಪೋಸ್ಟ್‌ಗ್ರೆ ಹಾಕಿಸುವುದು ಸೊಳ್ಳೆಗೆ ಕೋವಿ.

ಜಮಾಖರ್ಚು

ಎಚ್ಚರಿಕೆ ಒಂದು. ಈ 9000 ಪೋರ್ಟ್ ಯೂಸರ್ ಹೆಸರು, ಪಾಸ್‌ವರ್ಡ್ ಕೇಳುವುದಿಲ್ಲ. ಓಡಿಬಿಸಿ ಓದಲಷ್ಟೇ ಬಿಡುತ್ತದೆ, ಆದರೆ ಎಕ್ಸ್‌ಎಂಎಲ್‌ನಲ್ಲಿ ಇಂಪೋರ್ಟ್ ಕೋರಿಕೆಯೂ ಉಂಟು. ಎಂದರೆ ಅದೇ ನೆಟ್‌ವರ್ಕ್‌ನಲ್ಲಿರುವ ಇನ್ನೊಂದು ಯಂತ್ರದಿಂದ ವೋಚರ್ ತುರುಕಬಹುದು. ವಿಂಡೋಸ್ ಫೈರ್‌ವಾಲ್‌ನ ಇನ್‌ಬೌಂಡ್ ನಿಯಮದಲ್ಲಿ 9000ಕ್ಕೆ ಡೇಟಾಬೇಸ್ ತುಂಬುವ ಯಂತ್ರದ ಐಪಿ ಒಂದನ್ನೇ ಬಿಡಿ. ಎರಡೂ ಒಂದೇ ಯಂತ್ರವಾದರೆ ಹೊರಗಿನವರಿಗೆ ಪೂರ್ತಿ ಮುಚ್ಚಿ. ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ ಮನೆಯಿಂದ ರಿಪೋರ್ಟ್ ನೋಡುವ ಯೋಚನೆ ಬಂದರೆ ಅದನ್ನು ಅಲ್ಲೇ ಬಿಟ್ಟುಬಿಡಿ.

ರೋಕಡಿಗ

ಮಾಸ್ಟರ್‌ಗೆ ಓಡಿಬಿಸಿ, ವೋಚರ್‌ಗೆ ಲೋಡರ್ ಎಂದು ತೀರ್ಮಾನಿಸಿದೆ. ಕೊನೆಯದಾಗಿ, ಬಿಲ್‌ವಾರು ಬಾಕಿ ಬೇಕಾದರೆ? ಎಷ್ಟು ದಿನ ಹಳೆಯದು ಎಂದು ತೋರಿಸಬೇಕು.

ಕೋಷ್ಟಕ

ಅದು ಓಡಿಬಿಸಿಯಲ್ಲೇ ಆಗುತ್ತದೆ. ಟೈಪ್ : ಬಿಲ್ಸ್ ಎಂದು ಇನ್ನೊಂದು ಕಲೆಕ್ಷನ್ ಬರೆದು ನೇಮ್, ಪೇರೆಂಟ್, ಬಿಲ್‌ಡೇಟ್, ಕ್ಲೋಸಿಂಗ್‌ಬ್ಯಾಲೆನ್ಸ್ ಫೆಚ್ ಮಾಡಿ ಓಡಿಬಿಸಿ ಟೇಬಲ್ ಆಗಿಸಿ. ಇಲ್ಲಿ ನೇಮ್ ಎಂದರೆ ಬಿಲ್ ನಂಬರ್, ಪೇರೆಂಟ್ ಎಂದರೆ ಪಾರ್ಟಿ. ಗಿರಾಕಿಪಟ್ಟಿ ಜೊತೆ ಪಾರ್ಟಿ ಹೆಸರಿನ ಮೇಲೆ ಮರ್ಜ್ ಮಾಡಿ, ಜಾಯಿನ್ ಬಗೆ "ಇನ್ನರ್" ಎಂದಿಟ್ಟರೆ ಸಪ್ಲೈಯರ್ ಬಿಲ್‌ಗಳು ಉದುರಿಹೋಗುತ್ತವೆ. ದಿನಗಳ ಲೆಕ್ಕ, 30-60-90ರ ವಿಂಗಡಣೆ ಎಕ್ಸೆಲ್‌ನಲ್ಲೇ ಇರಲಿ. ತಾರೀಖಿನ ಹೋಲಿಕೆಯನ್ನು ಆ ಡ್ರೈವರ್‌ನ ವೇರ್‌ಗೆ ಒಪ್ಪಿಸದಿರುವುದು ಮೇಲು.

ಪಾರ್ಟಿವಾರು ಬಿಲ್‌ಗಳ ಮೊತ್ತವನ್ನು ಲೆಡ್ಜರ್ ಬಾಕಿಗೆ ತಾಳೆ ನೋಡಿ. ಕೆಲವರಲ್ಲಿ ವ್ಯತ್ಯಾಸ ಬಂದೇ ಬರುತ್ತದೆ. ಲೆಡ್ಜರ್ ಮಾಸ್ಟರ್‌ನಲ್ಲಿ "ಮೇಂಟೇನ್ ಬ್ಯಾಲೆನ್ಸಸ್ ಬಿಲ್-ಬೈ-ಬಿಲ್" ನೋ ಎಂದಿದ್ದರೆ ಆ ಪಾರ್ಟಿಗೆ ಒಂದು ಬಿಲ್ಲೂ ಬರುವುದಿಲ್ಲ. ಎಸ್ ಎಂದಿದ್ದೂ ವ್ಯತ್ಯಾಸ ಬಂದರೆ ಅಷ್ಟು ಮೊತ್ತದ ರಸೀದಿಯನ್ನು ಯಾರೋ ಬಿಲ್‌ಗೆ ಹೊಂದಿಸದೆ "ಆನ್ ಅಕೌಂಟ್" ಹಾಕಿರುವ ಸಾಧ್ಯತೆ ಹೆಚ್ಚು. ಅದನ್ನು ಕ್ವೆರಿಯಲ್ಲಿ ಸರಿಮಾಡಲು ಹೋಗಬೇಡಿ, ಆ ರಸೀದಿ ತೆರೆದು "ಎಗೇನ್‌ಸ್ಟ್ ರೆಫರೆನ್ಸ್" ಮಾಡಿ ಬಿಲ್ ನಂಬರ್ ಕೊಟ್ಟು ಉಳಿಸಿ.